ಜಾಲತಾಣಗಳ ಪ್ರಾಮಾಣ್ಯ ವಿಚಾರ

ವಿದ್ಯಾರ್ಥಿಗಳು ಮನೆಯಲ್ಲಿ ಬರೆದು ತರಬೇಕಾದ ಪ್ರಬಂಧಗಳಿಗೆ ಆಕರವನ್ನೊದಗಿಸುವ ಕಾರ್ಯದಲ್ಲಿ ಗ್ರಂಥಾಲಯದ ಸ್ಥಾನವನ್ನು ಈಗ ಜಾಲತಾಣಗಳು ಆಕ್ರಮಿಸಿವೆ. ಹೊಯ್ಸಳರ ಶಿಲ್ಪವಾಗಲಿ, ಸಹ್ಯಾದ್ರಿಯ ಮಳೆಯಾಗಲಿ, ಮಧುಮೇಹದ ಚಿಕಿತ್ಸೆಯಾಗಲಿ, ನಾಲ್ಕು ಅಕ್ಷರಗಳನ್ನೊತ್ತಿದ ಕ್ಷಣದಲ್ಲಿಯೇ ನೂರಾರು ಪುಟಗಳು ಕಣ್ಣೆದುರಿಗೆ ನಿಲ್ಲುತ್ತವೆ. ಬಾಲಕನು ಮೊದಲನೆಯದನ್ನು ನಕಲು ಮಾಡುತ್ತಾನೆ, ಉಪಾಧ್ಯಾಯರು ಅಂದವಾದ ಬರೆಹಕ್ಕೆ ಮೆಚ್ಚಿ ಅಂಕಗಳನ್ನು ಕೊಡುತ್ತಾರೆ, ತಂದೆತಾಯಿಗಳು ಸಂತೋಷಪಡುತ್ತಾರೆ. ಇದನ್ನು ಹೇಳಿದವನು ಯಾರು, ಅವನಿಗೆ ಇದು ಹೇಗೆ ತಿಳಿಯಿತು, ಏತಕ್ಕಾಗಿ ಹೇಳಿದನು ಎಂಬ ಮೂರು ಪ್ರಶ್ನೆಗಳನ್ನು ಇವರಲ್ಲಿ ಒಬ್ಬರೂ ಕೇಳುವುದಿಲ್ಲ. ವಿದ್ಯೆಯ ಹೆಸರಿನಲ್ಲಿ ನಡೆಯುತ್ತಿರುವ ಈ ಅವಿಚಾರವನ್ನು ಇನ್ನೂ ಉಪೇಕ್ಷಿಸುವುದು ಯುಕ್ತವಲ್ಲ.

ಇದಕ್ಕೆ ಪರಿಹಾರ ಹೇಳುವವರಲ್ಲಿ ಎರಡು ಪಕ್ಷಗಳುಂಟು. ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಂಡರೆ ಎಲ್ಲವೂ ಸರಿಹೋಗುವುದೆಂಬುದು ಮೊದಲನೆಯ ಪಕ್ಷ. ಈ ವಾದಕ್ಕೆ ದೀರ್ಘವಾದ ಉತ್ತರವು ಬೇಕಿಲ್ಲ. ಪರೀಕ್ಷೆಯ ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ ಇವೆಲ್ಲವೂ ಜಾಲದ ಮೂಲಕವೇ ದೊರೆಯುತ್ತಿರುವಾಗ ಅದರಿಂದ ದೂರವಿರುವುದು ಯಾರಿಗೂ ಸಾಧ್ಯವಿಲ್ಲ. ಹೊಳೆಯ ದಂಡೆಯಲ್ಲಿ ಮನೆ ಮಾಡಿದವರು ಮಕ್ಕಳಿಗೆ ಈಜು ಕಲಿಸಬೇಕೇ ಹೊರತು ಬಾಗಿಲಿಗೆ ಅಗಳಿ ಹಾಕಿ ಕುಳಿತರೆ ಪ್ರಯೋಜನವಿಲ್ಲ.

ಎರಡನೆಯ ಪಕ್ಷವು ಹೆಚ್ಚು ಗೌರವಸ್ಥವಾಗಿ ಕಾಣುವುದರಿಂದ ಹೆಚ್ಚು ಅಪಾಯಕರವಾದುದು. ಇವರು ಮಕ್ಕಳಿಗೆ ಲಕ್ಷಣಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಿಸುತ್ತಾರೆ. ವಿಳಾಸವು ‘ಡಾಟ್ ಆರ್ಗ್’ ಎಂದು ಮುಗಿದರೆ ಅದು ಸೇವಾಸಂಸ್ಥೆ, ನಂಬು; ‘ಡಾಟ್ ಕಾಮ್’ ಎಂದಿದ್ದರೆ ವ್ಯಾಪಾರ, ಸಂಶಯಿಸು; ಕಾಗುಣಿತವು ಶುದ್ಧವಾಗಿದೆಯೆ, ಬೀಗದ ಗುರುತುಂಟೆ, ಕೆಳಗೆ ಆಕರಗಳ ಪಟ್ಟಿಯಿದೆಯೆ ನೋಡು, ಎಂಬುದೇ ಇವರ ಉಪದೇಶ. ಆದರೆ ಹಣ ತೆತ್ತವರಿಗೆಲ್ಲ ‘ಡಾಟ್ ಆರ್ಗ್’ ವಿಳಾಸವು ಸಿಕ್ಕುತ್ತದೆ. ಅದಕ್ಕೆ ಸೇವಾಭಾವದ ಪರೀಕ್ಷೆಯೇನೂ ಇಲ್ಲ. ಬೀಗದ ಗುರುತು ಹೇಳುವುದು, ನಡುದಾರಿಯಲ್ಲಿ ಮೂರನೆಯವರು ಓದಲಾರರೆಂಬಷ್ಟನ್ನೇ. ಆಚೆಯ ಕಡೆ ಕುಳಿತವನು ಸತ್ಯವಂತನೆಂದು ಅದು ಹೇಳುವುದಿಲ್ಲ. ಪಾಸ್‌ಪೋರ್ಟಿನ ಅಧಿಕೃತ ತಾಣದ ವೇಷವನ್ನು ತಾಳಿ ಜನರಿಂದ ಹಣ ಸುಲಿಯುವ ತಾಣಗಳ ವಿಷಯದಲ್ಲಿ ಭಾರತ ಸರಕಾರದ ವಿದೇಶಾಂಗ ಖಾತೆಯು ಎಚ್ಚರಿಕೆ ಕೊಟ್ಟಿದೆ. ಆ ಪಟ್ಟಿಯಲ್ಲಿ ‘ಡಾಟ್ ಆರ್ಗ್’ ಎಂದು ಮುಗಿಯುವವೂ ಇದ್ದವು. ‘ಡಾಟ್ ಗವ್ ಡಾಟ್ ಇನ್’ ಎಂಬ ಕೊನೆಗೆ ಬೆಲೆಯುಂಟು, ನಿಜ. ಏಕೆಂದರೆ ಅದು ಸರಕಾರದ ಸಂಸ್ಥೆಗಳಿಗೆ ಮಾತ್ರ ವಿಚಾರಿಸಿ ಕೊಡುವ ಮುದ್ರೆ. ಮಿಕ್ಕ ಲಕ್ಷಣಗಳೆಲ್ಲ ಹೇಳುವವನು ತಾನೇ ತೊಟ್ಟುಕೊಂಡ ಆಭರಣಗಳು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಈ ಪ್ರಶ್ನೆಯು ಹೊಸದೆಂದು ಭಾವಿಸುವುದು ಇನ್ನೊಂದು ತಪ್ಪು. ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೋ, ಬೇರೆಯದರಿಂದ ನಿಶ್ಚಯಿಸತಕ್ಕದ್ದೋ ಎಂಬ ವಾದವನ್ನು ಮೀಮಾಂಸಕರೂ ನೈಯಾಯಿಕರೂ ಶತಮಾನಗಳವರೆಗೆ ನಡೆಸಿದರು. ನೈಯಾಯಿಕರು ಪರತಃಪ್ರಾಮಾಣ್ಯವನ್ನು ಎತ್ತಿಹಿಡಿದರು. ಸ್ವತಃಪ್ರಾಮಾಣ್ಯವನ್ನು ಒಪ್ಪಿದ ಮೀಮಾಂಸಕರು ಕೂಡ, ಪುರುಷವಾಕ್ಯವು ವಕ್ತೃವಿನ ದೋಷದಿಂದ ಕೆಡಬಹುದೆಂಬುದನ್ನು ಅಲ್ಲಗಳೆಯಲಿಲ್ಲ. ಶಬ್ದವು ಪ್ರಮಾಣವಾಗಬೇಕಾದರೆ ಹೇಳುವವನು ಆಪ್ತನಾಗಿರಬೇಕು. ಎಂದರೆ ವಿಷಯವನ್ನು ಇದ್ದಂತೆ ಅರಿತವನೂ, ಅರಿತಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನೂ ಆಗಿರಬೇಕು. ಇವೆರಡೂ ಪುಟದ ಮೇಲೆ ಕಾಣುವ ಗುಣಗಳಲ್ಲ. ವರನ ಮನೆಯವರ ಮಾತನ್ನಷ್ಟೇ ಕೇಳಿ ಯಾವ ಗೃಹಸ್ಥನೂ ಮಗಳನ್ನು ಕೊಡುವುದಿಲ್ಲ. ನೆರೆಹೊರೆಯಲ್ಲಿ, ನಂಟರಿಷ್ಟರಲ್ಲಿ ವಿಚಾರಿಸುತ್ತಾನೆ. ಅದೇ ಗೃಹಸ್ಥನು ಔಷಧದ ವಿಷಯದಲ್ಲಿ ಔಷಧ ಮಾರುವವನ ತಾಣವೊಂದನ್ನೇ ಓದಿ ತೃಪ್ತನಾಗುವುದು ಆಶ್ಚರ್ಯವಲ್ಲವೆ?

ಈ ಹಳೆಯ ವಿವೇಕಕ್ಕೆ ಹೊಸ ಸಾಕ್ಷ್ಯವೂ ದೊರೆತಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಎಂಬವರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ 10 ಮಂದಿ ಇತಿಹಾಸಜ್ಞರನ್ನೂ, 25 ಮಂದಿ ವಿದ್ಯಾರ್ಥಿಗಳನ್ನೂ, ಪತ್ರಿಕಾವೃತ್ತಿಯ 10 ಮಂದಿ ಸತ್ಯಪರಿಶೋಧಕರನ್ನೂ ಪರೀಕ್ಷಿಸಿದರು. ಮಕ್ಕಳ ವೈದ್ಯರ ಎರಡು ಸಂಘಗಳ ತಾಣಗಳನ್ನು ಅವರ ಮುಂದಿಡಲಾಯಿತು. ಒಂದು 1930ರಲ್ಲಿ ಸ್ಥಾಪಿತವಾದ, ಹತ್ತಾರು ಸಾವಿರ ವೈದ್ಯರ ಸಂಸ್ಥೆ. ಇನ್ನೊಂದು ಸಾಮಾಜಿಕ ವಿವಾದವೊಂದರಲ್ಲಿ ಭಿನ್ನಮತ ತಾಳಿ 2002ರಲ್ಲಿ ಅದರಿಂದ ಒಡೆದುಬಂದ ಸಣ್ಣ ಗುಂಪು. ಎರಡರ ವಿಳಾಸವೂ ‘ಡಾಟ್ ಆರ್ಗ್’. ಎರಡೂ ನೋಡಲು ಗಂಭೀರ. ಇತಿಹಾಸಜ್ಞರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತ ಕುಳಿತರು. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಣ್ಣ ಗುಂಪಿನ ತಾಣವನ್ನೇ ಹೆಚ್ಚು ನಂಬಿದರು. ಇತಿಹಾಸಜ್ಞರಲ್ಲಿಯೂ ಅನೇಕರು ಎಡವಿದರು. ಸತ್ಯಪರಿಶೋಧಕರಾದರೋ ಕೆಲವೇ ಕ್ಷಣಗಳಲ್ಲಿ ಪುಟವನ್ನು ಬಿಟ್ಟು, ಈ ಸಂಘದ ವಿಷಯದಲ್ಲಿ ಬೇರೆಯವರು ಏನು ಹೇಳುತ್ತಾರೆಂದು ಹೊರಗೆ ಹುಡುಕಿ, ಎಲ್ಲರೂ ಸರಿಯಾದ ನಿರ್ಣಯಕ್ಕೆ ಬಂದರು. ಪುಟವನ್ನು ಕಡಮೆ ಓದಿದವರೇ ಹೆಚ್ಚು ತಿಳಿದುಕೊಂಡರು. ಆದುದರಿಂದ ಇಂಥ ವಿಚಾರಕ್ಕೆ ತರಗತಿಯಲ್ಲಿ ಹೊತ್ತೆಲ್ಲಿದೆ ಎಂಬ ಉಪಾಧ್ಯಾಯರ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ.

ಹೊರಗೆ ಹೋಗಿ ವಿಚಾರಿಸದಿರುವ ಅಭ್ಯಾಸವು ಮಕ್ಕಳದ್ದು ಮಾತ್ರವೆಂದರೆ ಅನ್ಯಾಯವಾಗುವುದು. ಅದನ್ನು ಅವರು ಕಲಿತದ್ದು ಹಿರಿಯರಿಂದ. ಭಾರತವನ್ನೆಲ್ಲ ಸುತ್ತಿದರೂ ಒಬ್ಬ ಭಿಕ್ಷುಕನನ್ನೂ ಕಳ್ಳನನ್ನೂ ಕಾಣಲಿಲ್ಲವೆಂದು ಮೆಕಾಲೆಯು 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ನುಡಿದನೆಂಬ ಮಾತು ಸಭೆಗಳಲ್ಲಿಯೂ ಲೇಖನಗಳಲ್ಲಿಯೂ ಕೇಳಿಬರುತ್ತಿದೆ. ಆ ದಿನ ಮೆಕಾಲೆಯು ಇದ್ದದ್ದು ಕಲಕತ್ತೆಯಲ್ಲಿ. ಅವನು ಅಂದು ಬರೆದ ಶಿಕ್ಷಣವಿಷಯಕ ಟಿಪ್ಪಣಿಯು ಈಗಲೂ ಓದಲು ಸಿಕ್ಕುತ್ತದೆ. ಅದರಲ್ಲಿ ಈ ಮಾತಿಲ್ಲ. ಅದರಲ್ಲಿರುವ ನಿಜವಾದ ತಿರಸ್ಕಾರವೇ ಖಂಡನೆಗೆ ಸಾಲದೆ?

ಸಂಸ್ಕೃತವೇ ಗಣಕಯಂತ್ರಕ್ಕೆ ಅತ್ಯುತ್ತಮ ಭಾಷೆಯೆಂದು ‘ನಾಸಾ’ ನಿರ್ಣಯಿಸಿತೆಂಬ ವಾರ್ತೆಯೂ ಇದೇ ಜಾತಿಯದು. 1985ರಲ್ಲಿ ರಿಕ್ ಬ್ರಿಗ್ಸ್ ಎಂಬ ಸಂಶೋಧಕನು ‘ಎಐ ಮ್ಯಾಗಜೀನ್’ ಎಂಬ ಪತ್ರಿಕೆಯಲ್ಲಿ, ವೈಯಾಕರಣರು ವಾಕ್ಯಾರ್ಥವನ್ನು ಬಿಡಿಸುವ ಕ್ರಮಕ್ಕೂ ಯಂತ್ರಕ್ಕಾಗಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಇರುವ ಸಾಮ್ಯವನ್ನು ತೋರಿಸಿದನು. ‘ನಾಸಾ’ದ ನಿರ್ಣಯವೆಂಬುದು ಅದರಲ್ಲಿಲ್ಲ. ಈ ವಾರ್ತೆಯನ್ನು ಹರಡುವ ತಾಣಗಳು ಆ ಲೇಖನವನ್ನೇ ಆಧಾರವಾಗಿ ತೋರಿಸುತ್ತವೆ. ತೆರೆದು ಓದುವವರು ವಿರಳ. ಆಕರಗಳ ಪಟ್ಟಿಯನ್ನು ನೋಡಿ ನಂಬೆಂಬ ಉಪದೇಶದ ಬೆಲೆಯು ಇದರಿಂದಲೇ ತಿಳಿಯುತ್ತದೆ. ಪಾಣಿನಿಗೆ ಸಲ್ಲಬೇಕಾದ ನಿಜವಾದ ಗೌರವವಿರುವಾಗ ಸುಳ್ಳು ಕಿರೀಟವೇಕೆ? ಸುಳ್ಳು ಬಯಲಾದ ದಿನ ಸತ್ಯಕ್ಕೂ ಬೆಲೆ ಹೋಗುವುದು.

ಬಾಲ್ಯದಲ್ಲಿಯೇ ಸಂಶಯವನ್ನು ಕಲಿಸಿದರೆ ಗುರುಹಿರಿಯರಲ್ಲಿ ಶ್ರದ್ಧೆಯು ಅಳಿಯುವುದೆಂದು ಕೆಲವರು ಭಯಪಡುತ್ತಾರೆ. ಕಲಿಸಬೇಕಾದುದು ಸರ್ವಸಂಶಯವಲ್ಲ. ಎಲ್ಲವನ್ನೂ ಸಂಶಯಿಸುವವನು ಎಲ್ಲವನ್ನೂ ನಂಬುವವನಷ್ಟೇ ಸುಲಭವಾಗಿ ಮೋಸಹೋಗುತ್ತಾನೆ. ವೈದ್ಯನ ಮಾತೂ ಮಾಟಗಾರನ ಮಾತೂ ಅವನಿಗೆ ಒಂದೇ. ನಂಬತಕ್ಕವರನ್ನು ಗುರುತಿಸಿ ನಂಬುವುದೇ ನಿಜವಾದ ಶ್ರದ್ಧೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆಯು ಶ್ರದ್ಧಾವಂತರ ಮನೆಗಳಲ್ಲಿಯೇ ಹುಟ್ಟಿದುದು.

ವಿಚಾರಿಸದ ಮಾತಿಗೆ ಪ್ರಾಣವನ್ನೇ ತೆತ್ತ ಉದಾಹರಣೆಯೂ ಕನ್ನಡ ನಾಡಿನಲ್ಲಿಯೇ ಇದೆ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯಲ್ಲಿ, ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟ ಪರವೂರಿನವರು ಮಕ್ಕಳ ಕಳ್ಳರೆಂಬ ಸುದ್ದಿಯು ವಾಟ್ಸ್‌ಆ್ಯಪಿನಲ್ಲಿ ಹಬ್ಬಿತು. ಮುರ್ಕಿ ಎಂಬ ಗ್ರಾಮದಲ್ಲಿ ಜನರು ಗುಂಪುಗೂಡಿ ಅವರನ್ನು ಹೊಡೆದರು. ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬನು ಸತ್ತನು. ಅಂದು ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಓದುಬರೆಹ ಬಾರದವರು ಇದ್ದಿರಲಾರರು. ಅಕ್ಷರವು ಬಂದಿತ್ತು, ವಿಚಾರವು ಬಂದಿರಲಿಲ್ಲ.

ಆದುದರಿಂದ ಮಾಡಬೇಕಾದುದು ಸ್ಪಷ್ಟವಾಗಿದೆ. ಪ್ರತಿಯೊಂದು ಪ್ರಬಂಧದ ಕೊನೆಯಲ್ಲಿ, ಈ ವಿಷಯವನ್ನು ಯಾರು ಹೇಳಿದರು, ಹೇಳಿದವರ ವಿಷಯದಲ್ಲಿ ಬೇರೆ ಯಾರನ್ನು ವಿಚಾರಿಸಿದೆ ಎಂಬುದನ್ನು ವಿದ್ಯಾರ್ಥಿಯು ಬರೆಯಲಿ. ಅಂಕಗಳ ಒಂದು ಭಾಗವು ಅದಕ್ಕೇ ಮೀಸಲಾಗಿರಲಿ. ಗಣಕಶಿಕ್ಷಣದ ಒಂದು ಘಂಟೆಗೆ ಇದನ್ನು ತಳ್ಳಿಬಿಡದೆ, ಇತಿಹಾಸ, ವಿಜ್ಞಾನ, ಭಾಷೆ ಎಲ್ಲ ಪಾಠಗಳಲ್ಲಿಯೂ ಆಯಾ ಉಪಾಧ್ಯಾಯರೇ ಮಾಡಿತೋರಿಸಲಿ. ಹುಡುಕಿದೊಡನೆ ಯಂತ್ರವೇ ಹೆಣೆದು ಕೊಡುವ ಸಾರಾಂಶಕ್ಕಂತೂ ಅರಿವೂ ಇಲ್ಲ, ಇಚ್ಛೆಯೂ ಇಲ್ಲ. ಅದು ಆಪ್ತನಾಗಲಾರದೆಂಬುದನ್ನು ಮೊದಲು ತಿಳಿಸಲಿ. ಮನೆಗಳಲ್ಲಿ ಹಿರಿಯರು ಬಂದ ಸುದ್ದಿಯನ್ನು ಮುಂದಕ್ಕೆ ಕಳುಹಿಸುವ ಮೊದಲು ಮಕ್ಕಳೆದುರಿಗೆ ಒಂದು ಬಾರಿ ವಿಚಾರಿಸಿ ನೋಡಲಿ. ಈ ಪಾಠಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ವಿದ್ಯಾಧಿಕಾರಿಗಳು ಅನುಮತಿಸಿದರೆ ಮುಂದಿನ ಸೋಮವಾರದಿಂದಲೇ ಪ್ರಾರಂಭಿಸಬಹುದು.