ಹದಿನೈದು ಗಂಟೆಯ ಲೆಕ್ಕಕ್ಕೆ ಸಿಗದ ದುಡಿಮೆ

ಬಾಗೂರಿನಿಂದ ಹೊಸದುರ್ಗಕ್ಕೆ ಬಸ್ಸು ಹತ್ತಿ ಡಿಗ್ರಿ ಓದಲು ಬರುವ ಮಕ್ಕಳಲ್ಲಿ ಅನೇಕರು ತಮ್ಮ ಮನೆಗೆ ಮೊದಲ ಪದವೀಧರರಾಗಬೇಕಾದವರು. ಸ್ಕಾಲರ್‌ಶಿಪ್ ಬಾರದಿದ್ದಾಗ, ಮನೆಯಲ್ಲಿ ಗಂಡು ನೋಡಿ ಓದು ಸಾಕೆಂದಾಗ ಇಂಥ ಹುಡುಗಿ ಪ್ರಾಂಶುಪಾಲರ ಕೋಣೆಗೆ ಹೋಗುವುದಿಲ್ಲ. ಕ್ಲಾಸು ಮುಗಿದ ಮೇಲೆ ಹಿಂದೆ ಉಳಿದು, ಮೇಡಂ ಹತ್ತಿರ ಮೆಲ್ಲಗೆ ಹೇಳಿಕೊಳ್ಳುತ್ತಾಳೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಆ ಮೇಡಂ ಎಷ್ಟೋ ಸಲ ಅತಿಥಿ ಉಪನ್ಯಾಸಕಿ. ಮುಂದಿನ ವರ್ಷ ತನಗೇ ಕೆಲಸವಿರುತ್ತದೋ ಇಲ್ಲವೋ ಗೊತ್ತಿರದ ಆಕೆ, ಹುಡುಗಿಗೆ 'ಧೈರ್ಯವಾಗಿರಮ್ಮ' ಅನ್ನಬೇಕು.

ಒಳಗಿನ ಸಂಕಟ ನುಂಗಿಕೊಂಡು ಮುಖವನ್ನು ಪ್ರಸನ್ನವಾಗಿಟ್ಟುಕೊಳ್ಳುವುದೂ ದುಡಿಮೆಯೇ ಎಂದು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ಗಗನಸಖಿಯರ ಕೆಲಸವನ್ನು ನೋಡಿ 1983ರಲ್ಲೇ ಬರೆದರು. ನಮ್ಮ ಉನ್ನತ ಶಿಕ್ಷಣ ಇಲಾಖೆಗೆ ಈ ದುಡಿಮೆ ಇನ್ನೂ ಕಂಡಿಲ್ಲ. 2022ರ ಜನವರಿಯಲ್ಲಿ ಅತಿಥಿ ಉಪನ್ಯಾಸಕರ ತಿಂಗಳ ಗೌರವಧನವನ್ನು ಅರ್ಹತೆ, ಅನುಭವಗಳ ಮೇಲೆ 26,000ದಿಂದ 32,000 ರೂಪಾಯಿವರೆಗೆ ಏರಿಸಿದ್ದು ನಿಜ. ಆದರೆ ಅದರೊಂದಿಗೇ ವಾರದ ಕಾರ್ಯಭಾರ 15 ಗಂಟೆಗೆ ಏರಿತು. ಒಬ್ಬರ ಗಂಟೆ ಹೆಚ್ಚಿದಲ್ಲಿ ಇನ್ನೊಬ್ಬರ ಜಾಗವೇ ಹೋಯಿತು. ಸಹೋದ್ಯೋಗಿಯ ಅನ್ನ ಕಿತ್ತುಕೊಂಡೆನೆಂಬ ಕೊರಗನ್ನೂ ಉಳಿದವರೇ ಹೊರಬೇಕಾಯಿತು.

2023ರ ನವೆಂಬರ್‌ನಲ್ಲಿ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಿ ಎಂದು ತರಗತಿ ಬಿಟ್ಟು ಕೂತಾಗ, ಮಕ್ಕಳ ಭವಿಷ್ಯ ಬಲಿಕೊಡುತ್ತಿದ್ದಾರೆ ಎಂಬ ದೂರು ಎದ್ದಿತು. ಈ ಮಾತು ನನಗೆ ಇಂದಿಗೂ ನೋವು ಕೊಡುತ್ತದೆ. ಮಕ್ಕಳ ಮೇಲಿನ ಅಕ್ಕರೆಯನ್ನೇ ಹಗ್ಗ ಮಾಡಿ ಮೇಷ್ಟ್ರ ಕೈಕಟ್ಟುವ ಮಾತು ಅದು. ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಆ ಭವಿಷ್ಯ ಕಾದವರು ಯಾರು? ಸರ್ಕಾರ ಗೌರವಧನ ಹೆಚ್ಚಳ, ಆರೋಗ್ಯ ವಿಮೆ, ಅರವತ್ತು ತುಂಬಿದಾಗ 5 ಲಕ್ಷ ರೂಪಾಯಿ ಇಡಿಗಂಟು ಎಂದಿತು. ಕೇಳಿದ್ದು ಕಾಯಂ ಕೆಲಸ, ಸಿಕ್ಕಿದ್ದು ಪರಿಹಾರ. 2024ರ ಜನವರಿಯಲ್ಲಿ ಅವರು ತುಮಕೂರಿನಿಂದ ಬೆಂಗಳೂರಿನ ಕಡೆ ನಡೆದೇ ಹೊರಟರು.

ಹೀಗೆ ದುಡಿಯುತ್ತ ಒಳಗೊಳಗೇ ಬತ್ತಿಹೋಗುವ ಬಳಲಿಕೆಯನ್ನು (ಬರ್ನ್‌ಔಟ್) ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲವೆಂದು ಹೇಳಿತು. ಅಂದರೆ ಮದ್ದು ಬೇಕಾದ್ದು ಕೆಲಸದ ಜಾಗಕ್ಕೆ. ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸಗಳಿಂದ ಇದು ವಾಸಿಯಾಗದು. ಮಕ್ಕಳ ಮಾತು ಕೇಳುವ ಹೊತ್ತನ್ನೂ ಕಾರ್ಯಭಾರದಲ್ಲಿ ಬರೆಯಿರಿ, ರಜೆಯ ತಿಂಗಳುಗಳಿಗೂ ಸಂಬಳ ಕೊಡಿ, ಖಾಲಿ ಹುದ್ದೆ ತುಂಬುವಾಗ ಇಷ್ಟು ವರ್ಷ ದುಡಿದವರ ಸೇವೆಯನ್ನು ಎಣಿಕೆಗೆ ತೆಗೆದುಕೊಳ್ಳಿ.

ಓದು ಬಿಡಬೇಡ ಎಂಬ ಮಾತು ಕೇಳಿ ಬಾಗೂರಿನ ಹುಡುಗಿ ಬೇಸಿಗೆ ಕಳೆದ ಮೇಲೆ ಮತ್ತೆ ಬಸ್ಸು ಹತ್ತುತ್ತಾಳೆ. ಆ ಮಾತು ಹೇಳಿದಾಕೆ ಅಷ್ಟರಲ್ಲಿ ಹೊಸ ವರ್ಷದ ನೇಮಕಾತಿಯ ಕೌನ್ಸೆಲಿಂಗ್ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುತ್ತಿರುತ್ತಾಳೆ.