ಮನೆವಾರ್ತೆ: ಸೀಗೆಯೋ ಶಾಂಪೂವೋ?

ನಮ್ಮ ಕೊಂಬೈಯ ಯಾವ ಚಿಲ್ಲರೆ ಅಂಗಡಿಯ ಮುಂದೆ ನಿಂತರೂ ಶಾಂಪೂ ಪೊಟ್ಟಣಗಳ ತೋರಣ ಕಣ್ಣಿಗೆ ಬೀಳದೆ ಇರದು. ಒಂದು ರೂಪಾಯಿ ಕೊಟ್ಟರೆ ಒಂದನ್ನು ಹರಿದು ಕೊಡುತ್ತಾರೆ. ಈ ಪೊಟ್ಟಣದ ವ್ಯಾಪಾರ ಬೆಳೆದುದು ನಮ್ಮ ತಮಿಳು ನಾಡಿನಲ್ಲಿಯೇ. ಕಡಲೂರಿನ ಚಿನ್ನಿಕೃಷ್ಣನ್ ಎಂಬವರ ಮನೆತನ ಅದಕ್ಕೆ ದಾರಿ ತೋರಿತು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ‘ಚಿಕ್’ ಶಾಂಪೂವನ್ನು ಹೊರತಂದರು. ದೊಡ್ಡ ಸೀಸೆಯನ್ನು ಕೊಳ್ಳಲಾರದ ಕೂಲಿಯ ಮನೆಗೂ ಶಾಂಪೂ ತಲಪಿದುದು ಹೀಗೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ‘ಶಾಂಪೂ’ ಎಂಬ ಮಾತೇ ಒತ್ತುವುದು, ತಿಕ್ಕುವುದು ಎಂಬರ್ಥದ ಹಿಂದಿಯ ‘ಚಾಂಪೋ’ದಿಂದ ಹುಟ್ಟಿದ್ದು, ನಮ್ಮ ದೇಶದಿಂದ ಹೋಗಿ ಸೀಸೆಯೊಳಗೆ ಕುಳಿತು ಮರಳಿ ಬಂದಿದೆ!

ಆದರೆ ಎಣ್ಣೆನೀರಿನ ದಿನಕ್ಕೆ ಸೀಗೆಗೆ ಸಮನಾದುದು ಇನ್ನೊಂದಿಲ್ಲವೆಂದೇ ನನ್ನ ಮತ. ಸೀಗೆಯ ಕಾಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ಅಂಶವಿದೆ. ಅದು ಜಿಡ್ಡನ್ನು ನೀರಿನೊಡನೆ ಬೆರೆಸಿ ಇಳಿಸುತ್ತದೆ. ಸಾಬೂನಿನಂತೆ ಕ್ಷಾರವಲ್ಲ, ಕೊಂಚ ಹುಳಿಯ ಗುಣದ್ದು. ಆದುದರಿಂದ ಕೂದಲು ಒರಟಾಗುವುದು ಕಡಿಮೆ. ಅಂಟುವಾಳದಲ್ಲಿ ನೊರೆ ಹೆಚ್ಚು, ಆದರೆ ಅದೊಂದನ್ನೇ ಬಳಸಿದರೆ ಕೂದಲು ಒಣಗುತ್ತದೆ. ಇಲ್ಲಿನವರು ‘ಅರಪ್ಪು’ ಎನ್ನುವ ಸೊಪ್ಪಿನ ಪುಡಿಗೆ ಮೈಸೂರು ಸೀಮೆಯಲ್ಲಿ ‘ಚಿಗರೆಪುಡಿ’ ಎಂದು ಹೆಸರು. ನಮ್ಮ ಮಕ್ಕಳ ಬಾಯಲ್ಲಿ ಸೀಗೆ ‘ಸೀಯಕ್ಕಾಯ್’ ಆಗಿದೆ. ಬಚ್ಚಲಿನಲ್ಲಾದರೂ ಕನ್ನಡದ ಹೆಸರು ಉಳಿಯಲಿ ಎಂದು ಆಗಾಗ ಹೇಳಿಕೊಡುತ್ತೇನೆ.

ಪುಡಿಯನ್ನು ಮನೆಯಲ್ಲಿಯೇ ಮಾಡಿಸುವುದು ಲೇಸು. ಸೀಗೆಕಾಯಿ, ಅದರ ಕಾಲು ಭಾಗದಷ್ಟು ಮೆಂತ್ಯ, ನೆರಳಲ್ಲಿ ಒಣಗಿದ ದಾಸವಾಳದ ಎಲೆ, ಇಷ್ಟೇ ಸಾಕು. ಬಿಸಿಲಲ್ಲಿ ಗಲಗಲ ಎನ್ನುವಂತೆ ಕಾಯನ್ನು ಒಣಗಿಸಿ, ಮಿಲ್ಲಿನಲ್ಲಿ ಬೀಸಿಸಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಹಾಗೆ ಮಾಡದಿದ್ದರೆ ತರಿ ಕೂದಲಲ್ಲಿ ಸಿಕ್ಕಿಕೊಂಡು ಬಾಚಣಿಗೆಗೂ ತೊಂದರೆ. ಒಬ್ಬರಿಗೆ ಎರಡು ಮೂರು ಚಮಚ ಪುಡಿಯನ್ನು ಗಂಜಿಯ ತಿಳಿಯಲ್ಲಿ ಕಲಸಿದರೆ ಧಾರಾಳ. ಅಂದಂದಿಗೆ ಬೇಕಾದಷ್ಟನ್ನೇ ಕಲಸಬೇಕು, ಮರುದಿನಕ್ಕೆ ಕೆಡುತ್ತದೆ. ಕಣ್ಣಿಗೆ ಬಿದ್ದರೆ ಬಹಳ ಉರಿ, ಮಕ್ಕಳಿಗೆ ಎರೆಯುವಾಗ ಜೋಕೆ.

ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವ ಮಗಳಿಗೆ ಇಷ್ಟೆಲ್ಲಕ್ಕೂ ವ್ಯವಧಾನವೆಲ್ಲಿ? ಅವಳಿಗೆ ಶಾಂಪೂವೇ ಸರಿ. ಕೊಳ್ಳುವಾಗ ಮುಖದ ಮೇಲಿನ ಚಿತ್ರವನ್ನು ಬಿಟ್ಟು ಹಿಂಬದಿಯನ್ನು ಓದಬೇಕು. ಬೆಲೆಯನ್ನೂ ಮಿಲಿಲೀಟರನ್ನೂ ಹೋಲಿಸಿ ನೋಡಿ. ಒಂದು ರೂಪಾಯಿಗೆ 5 ಮಿಲಿ ಸಿಕ್ಕರೆ 100 ಮಿಲಿಗೆ 20 ರೂಪಾಯಿ ಆಯಿತು. ಅದೇ ಹೆಸರಿನ ಸೀಸೆ ಅದಕ್ಕಿಂತ ದುಬಾರಿಯಾಗಿರುವುದು ಅಪರೂಪವಲ್ಲ. ದೊಡ್ಡದೆಲ್ಲ ಅಗ್ಗವೆಂದು ನಂಬಬಾರದು. ‘ಗಿಡಮೂಲಿಕೆ’ ಎಂದು ಬರೆದಿದ್ದ ಮಾತ್ರಕ್ಕೆ ಒಳಗಿರುವುದೆಲ್ಲ ಮೂಲಿಕೆಯಲ್ಲ. ಕೂದಲು ಬೆಳೆಸುವ ಭರವಸೆಗಂತೂ ಹಣ ಕೊಡಲೇಬೇಡಿ. ತೊಳೆಯುವ ದ್ರವದ ಕೆಲಸ ತೊಳೆಯುವುದಷ್ಟೆ.

ಪೊಟ್ಟಣವನ್ನು ಹರಿದ ಮೇಲೆ ಮುಚ್ಚಲಾಗದೆಂದು ಎಲ್ಲವನ್ನೂ ಒಂದೇ ತಲೆಗೆ ಸುರಿಯುವುದೇ ದೊಡ್ಡ ಪೋಲು. ಅದನ್ನು ಚೊಂಬಿನಲ್ಲಿ ಅರ್ಧ ಚೊಂಬು ನೀರಿಗೆ ಕಲಸಿದರೆ ಅಕ್ಕತಂಗಿಯರಿಬ್ಬರಿಗೆ ಸಾಕು. ನೆತ್ತಿಗೆ ಹಾಕಿ ಬೆರಳ ತುದಿಯಿಂದ ತಿಕ್ಕಬೇಕು. ತುದಿಯ ಕೂದಲಿಗೆ ಜಾರಿ ಬರುವ ನೊರೆಯೇ ಸಾಕು. ಎಣ್ಣೆ ಹಚ್ಚಿಲ್ಲದಿದ್ದರೆ ಎರಡನೆಯ ಸಲ ಬೇಕಿಲ್ಲ. ನೊರೆ ಕಡಿಮೆಯಾದಷ್ಟೂ ತೊಳೆಯುವ ನೀರೂ ಉಳಿಯುತ್ತದೆ. ಬೇಸಿಗೆಯಲ್ಲಿ ಕೊಡ ಎಣಿಸುವ ಮನೆಗಳಿಗೆ ಇದರ ಬೆಲೆ ಗೊತ್ತು.

ಕೊಳವೆಬಾವಿಯ ಗಡಸು ನೀರಾದರೆ ತಲೆಗೆ ಸಾಬೂನು ಬೇಡ. ಆ ನೀರಿನ ಸುಣ್ಣದಂಶ ಸಾಬೂನಿನೊಡನೆ ಸೇರಿ ಅಂಟಾದ ಕಸಿಯಾಗಿ ಕೂದಲಲ್ಲಿ ಉಳಿಯುತ್ತದೆ. ಶಾಂಪೂವಿಗೆ ಆ ದೋಷವಿಲ್ಲ. ಕೊನೆಯ ಚೊಂಬಿಗೆ ನಾಲ್ಕು ಹನಿ ನಿಂಬೆರಸ ಬಿಟ್ಟುಕೊಂಡರೆ ಕೂದಲು ನಯವಾಗುತ್ತದೆ. ಹೊಟ್ಟು ಬಹಳವಾದರೆ ವೈದ್ಯರು ಕೀಟೋಕೊನಜೋಲ್ ಇರುವ ಶಾಂಪೂ ಬರೆದುಕೊಡುವುದುಂಟು. ಅದನ್ನು ಹಚ್ಚಿದೊಡನೆ ತೊಳೆಯದೆ ಮೂರರಿಂದ ಐದು ನಿಮಿಷ ನೆತ್ತಿಯಲ್ಲಿ ಬಿಡಬೇಕು. ಹಾಗೆ ಬಿಡದಿದ್ದರೆ ಔಷಧವೂ ಹಣವೂ ಬಚ್ಚಲ ಪಾಲು.

ಖಾಲಿ ಪೊಟ್ಟಣಗಳನ್ನು ಹಂಡೆಯ ಒಲೆಗೆ ಹಾಕುವವರಿದ್ದಾರೆ. ಆ ಹೊಗೆ ಕೆಟ್ಟದ್ದು. ಬಚ್ಚಲ ಗೋಡೆಗೆ ಒಂದು ಡಬ್ಬಿಯನ್ನು ಕಟ್ಟಿ, ಅದರಲ್ಲಿ ಕೂಡಿಹಾಕಿ ಕಸದ ಗಾಡಿಗೇ ಕೊಡಿ.