ಕರಾವಳಿ ಆಂಧ್ರದ ಕನ್ನಡಿಗರಿಗೆ ಬೇಕು ಓದುಗರ ಬಳಗ

ವಿಶಾಖಪಟ್ಟಣ/ವಿಜಯವಾಡ: ಬ್ಯಾಂಕು, ಬಂದರು, ನೌಕಾಪಡೆ, ಉಕ್ಕಿನ ಕಾರ್ಖಾನೆ, ಹೋಟೆಲು ಹೀಗೆ ಹೊಟ್ಟೆಪಾಡಿಗಾಗಿ ಈ ಎರಡು ನಗರಗಳಿಗೆ ಬಂದು ನೆಲೆಸಿದ ಕನ್ನಡಿಗರು ನವೆಂಬರ್ ತಿಂಗಳಲ್ಲಿ ಒಂದೆಡೆ ಸೇರುತ್ತಾರೆ. ಧ್ವಜಾರೋಹಣ, ಭಾವಗೀತೆ, ಸನ್ಮಾನ, ಊಟ ಎಲ್ಲವೂ ಆಗುತ್ತದೆ. ಆದರೆ ಕನ್ನಡ ಪುಸ್ತಕವೊಂದನ್ನು ಓದಿ, ಅದರ ಬಗ್ಗೆ ನಾಲ್ಕು ಮಂದಿ ಕುಳಿತು ಮಾತನಾಡುವುದು ಮಾತ್ರ ಅಪರೂಪ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಕೃತಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದೇ ಸೆಪ್ಟೆಂಬರ್‌ನಲ್ಲಿ ಎಸ್.ಎಲ್. ಭೈರಪ್ಪ ನಮ್ಮನ್ನು ಅಗಲಿದರು. ಅಭಿನಂದನೆ, ಶ್ರದ್ಧಾಂಜಲಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಹೊರನಾಡಿನಲ್ಲಿ ಆ ಪುಸ್ತಕಗಳನ್ನು ಕೈಗೆತ್ತಿಕೊಂಡವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಸಂಘಗಳು ಈಗಲಾದರೂ ಕೇಳಿಕೊಳ್ಳಬೇಕಿದೆ.

ವರ್ಗಾವಣೆಯೇ ತೊಡಕು

ಓದುಗರ ಕೂಟ ಆರಂಭಿಸುವುದು ಕಷ್ಟವಲ್ಲ, ಉಳಿಸಿಕೊಳ್ಳುವುದು ಕಷ್ಟ. ಉತ್ಸಾಹದಿಂದ ಮುಂದಾಗುವ ಬ್ಯಾಂಕ್ ಅಧಿಕಾರಿಗೋ ನೌಕಾಪಡೆಯ ಸಿಬ್ಬಂದಿಗೋ ಕೆಲವೇ ವರ್ಷಗಳಲ್ಲಿ ವರ್ಗವಾಗುತ್ತದೆ. ಕಾರ್ಯದರ್ಶಿಯ ಮನೆಯಲ್ಲಿದ್ದ ಪುಸ್ತಕಗಳು ಹಂಚಿಹೋಗುತ್ತವೆ, ಇಲ್ಲವೇ ಅಟ್ಟ ಸೇರುತ್ತವೆ. ಹೈದರಾಬಾದಿನ ಕಾಚಿಗುಡದಲ್ಲಿ ಕನ್ನಡಿಗರಿಗೆ ಕರ್ನಾಟಕ ಸಾಹಿತ್ಯ ಮಂದಿರವಿದೆ. ಸಂಖ್ಯೆಯಲ್ಲಿ ಕಡಿಮೆ ಇರುವೆಡೆ ಸ್ವಂತ ಕಟ್ಟಡದ ಕನಸು ಸುಲಭಕ್ಕೆ ಕೈಗೂಡದು. ಆದ್ದರಿಂದ ವ್ಯಕ್ತಿಯ ಬದಲು ಸಾರ್ವಜನಿಕ ಗ್ರಂಥಾಲಯವನ್ನು ನೆಚ್ಚಿಕೊಳ್ಳುವುದೇ ಜಾಣತನ. ಜನ ಬದಲಾದರೂ ಗ್ರಂಥಾಲಯ ಊರು ಬಿಟ್ಟು ಹೋಗುವುದಿಲ್ಲ.

ಗ್ರಂಥಾಲಯ ಚಳವಳಿಯ ನೆಲ

ಅದಕ್ಕೆ ಈ ನೆಲಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಅಯ್ಯಂಕಿ ವೆಂಕಟರಮಣಯ್ಯ ಮುಂತಾದವರ ಮುಂದಾಳ್ತನದಲ್ಲಿ ಆಂಧ್ರದ ಗ್ರಂಥಾಲಯ ಸಂಘ ಹುಟ್ಟಿದ್ದು 1914ರಲ್ಲಿ, ಅಂದು ಬೆಜವಾಡ ಎನಿಸಿಕೊಂಡಿದ್ದ ವಿಜಯವಾಡದಲ್ಲೇ. 1935ರಲ್ಲಿ ಪಾತೂರಿ ನಾಗಭೂಷಣಂ ಕೃಷ್ಣಾ ಕಾಲುವೆಯ ದೋಣಿಯಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳುಹಿಸಿದರು. ಇಂದಿಗೂ ವಿಜಯವಾಡದಲ್ಲಿ ಜನವರಿಯ ಪುಸ್ತಕ ಮಹೋತ್ಸವವೆಂದರೆ ಜಾತ್ರೆಯೇ. ವಿಶಾಖಪಟ್ಟಣದ ದ್ವಾರಕಾನಗರದಲ್ಲಿ ಪೌರ ಗ್ರಂಥಾಲಯವಿದೆ.

ಕಾನೂನಿನ ಬಲವೂ ಇದೆ. 1960ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಂಧ್ರದಲ್ಲಿ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆ ಗ್ರಂಥಾಲಯ ಸೆಸ್ ಸಂಗ್ರಹವಾಗಿ ಜಿಲ್ಲಾ ಗ್ರಂಥಾಲಯ ಸಂಸ್ಥೆಗಳಿಗೆ ಸಲ್ಲಬೇಕು. ಇಲ್ಲಿ ಮನೆ, ಹೋಟೆಲು ಕಟ್ಟಿಕೊಂಡ ಕನ್ನಡಿಗರೂ ಇದನ್ನು ಕಟ್ಟುತ್ತಾರೆ. ಹೀಗಿರುವಾಗ ತಿಂಗಳಿಗೊಂದು ಭಾನುವಾರ ಎರಡು ಗಂಟೆ ಕೊಠಡಿ, ಒಂದು ಕನ್ನಡ ಕಪಾಟು ಕೇಳುವುದು ಭಿಕ್ಷೆಯಲ್ಲ. ಆದರೆ ಓದುಗರಿಲ್ಲದ ಭಾಷೆಗೆ ಯಾವ ಗ್ರಂಥಪಾಲಕರೂ ಪುಸ್ತಕ ತರಿಸಲಾರರು. ಮನವಿಪತ್ರದ ಜೊತೆ ಹದಿನೈದು ಸದಸ್ಯರ ಸಹಿ, ಬೇಕಾದ ಪುಸ್ತಕಗಳ ಪಟ್ಟಿ ಇದ್ದರೆ ಆ ಮಾತಿಗೆ ತೂಕ ಬರುತ್ತದೆ.

ಲಿಪಿಯೇ ಸೇತುವೆ

ಇಲ್ಲಿ ಬೆಳೆದ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರುವುದಿಲ್ಲ ಎಂಬುದು ತಾಯ್ತಂದೆಯರ ಸಾಮಾನ್ಯ ಕೊರಗು. ಮುಂಬಯಿ, ದೆಹಲಿಯ ಕನ್ನಡಿಗರಿಗಿಲ್ಲದ ಅನುಕೂಲವೊಂದು ಇಲ್ಲಿದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ಶಾಲೆಯಲ್ಲಿ ತೆಲುಗು ಕಲಿತ ಮಗುವಿಗೆ ಕನ್ನಡ ಅಕ್ಷರಗಳಲ್ಲಿ ಬಹುಪಾಲು ಆಗಲೇ ಪರಿಚಿತ. ತಲೆಕಟ್ಟು, ಕೆಲವು ಅಕ್ಷರಗಳ ವ್ಯತ್ಯಾಸ ತಿಳಿಸಿಕೊಟ್ಟರೆ ಸಾಕು, ಉಳಿದದ್ದು ಅಭ್ಯಾಸ. ಹಿರಿಯರು ಕಾದಂಬರಿ ಚರ್ಚಿಸುವ ಹೊತ್ತಿನಲ್ಲೇ ಪಕ್ಕದ ಮೇಜಿನಲ್ಲಿ ಮಕ್ಕಳಿಗೆ ಕತೆ ಓದಿಸಬಹುದು.

ಭೈರಪ್ಪನವರ ‘ಪರ್ವ’ ತೆಲುಗಿನಲ್ಲೂ ಇದೆ. ಅಂಥ ಕೃತಿಯನ್ನು ಎರಡೂ ಭಾಷೆಯವರು ಓದಿ ಒಟ್ಟಿಗೆ ಕುಳಿತರೆ ಸ್ಥಳೀಯರೂ ಬಳಗಕ್ಕೆ ಬರುತ್ತಾರೆ, ಗ್ರಂಥಾಲಯಕ್ಕೂ ಇದು ತನ್ನದೇ ಕಾರ್ಯಕ್ರಮ ಎನಿಸುತ್ತದೆ.

ಸಂಘಗಳು ಮಾಡಬೇಕಾದ್ದು

ಒಂದೇ ಶೀರ್ಷಿಕೆಯ ಹತ್ತು ಪ್ರತಿ ಹೊಂದಿಸುವುದು ಮೊದಲ ಸವಾಲು. ರಾಜ್ಯೋತ್ಸವದ ಹಾರ-ಶಾಲಿನ ಖರ್ಚಿನಲ್ಲಿ ಒಂದು ಪಾಲನ್ನು ಇದಕ್ಕೆ ಮೀಸಲಿಟ್ಟರೆ ಸಂಘಕ್ಕೆ ಹೊರೆಯಾಗದು. ಬೆಂಗಳೂರಿನಿಂದ ಹೊರಡುವ ಪ್ರಶಾಂತಿ ಎಕ್ಸ್‌ಪ್ರೆಸ್ ಎರಡೂ ನಗರಗಳನ್ನು ಹಾದು ಹೋಗುತ್ತದೆ. ಊರಿಗೆ ಹೋಗಿ ಬರುವ ಸದಸ್ಯರು ಚೀಲದಲ್ಲಿ ನಾಲ್ಕು ಪುಸ್ತಕ ತಂದರೂ ಸಾಕು. ವಿಜಯವಾಡದವರು ಓದಿ ಮುಗಿಸಿದ ಪ್ರತಿಗಳು ವಿಶಾಖಪಟ್ಟಣಕ್ಕೆ, ಅಲ್ಲಿಯವು ಇಲ್ಲಿಗೆ ಬರಲಿ. ಮೊದಲಿಗೆ ಸಣ್ಣ ಕಾದಂಬರಿ, ಕಥಾಸಂಕಲನಗಳಿರಲಿ. ದಪ್ಪ ಪುಸ್ತಕದಿಂದ ಆರಂಭಿಸಿದರೆ ಎರಡನೇ ಸಭೆಗೇ ಕುರ್ಚಿಗಳು ಖಾಲಿಯಾದಾವು.

ಮನೆಯ ಹಳೆಯ ಪುಸ್ತಕಗಳನ್ನು ಮೂಟೆ ಕಟ್ಟಿ ಗ್ರಂಥಾಲಯಕ್ಕೆ ಒಪ್ಪಿಸಿದರೆ ಸಾಲದು. ಹೆಸರು, ಲೇಖಕರ ವಿವರವನ್ನು ತೆಲುಗಿನಲ್ಲೂ ಬರೆದುಕೊಟ್ಟರೆ ಅವು ಕಪಾಟು ಸೇರುತ್ತವೆ, ಇಲ್ಲವಾದರೆ ಮೂಲೆ ಸೇರುತ್ತವೆ.

ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲಿ ಸಾರಿದ ಸೂತ್ರ. ಅವರ ಜನ್ಮದಿನವಾದ ಆಗಸ್ಟ್ 12 ಗ್ರಂಥಪಾಲಕರ ದಿನ. ನವೆಂಬರ್ 14ರಿಂದ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ, ಅದೂ ರಾಜ್ಯೋತ್ಸವದ ತಿಂಗಳಲ್ಲೇ. ಬಳಗ ಆರಂಭಿಸಲು ಇದಕ್ಕಿಂತ ಬೇರೆ ಮುಹೂರ್ತ ಬೇಕಿಲ್ಲ.